ಬೇವಿನ ತೋಪಿನ ನರ್ಸ್‌ಬಾಯಿ

ಕಾರ್ಬಾಲಿಕ್ ಸಾಬೂನಿಗೆ ಬಿಳಿಚಿಕೊಂಡು, ಗೆಣ್ಣುಗಳಲ್ಲಿ ಸೀಳುಬಿಟ್ಟ ಕೈಗಳು ಅವರವು. ಉಗುರುಗಳನ್ನು ಮಾಂಸದವರೆಗೂ ಕತ್ತರಿಸಿರುತ್ತಿದ್ದರು. ಯಾವ ಕೂಸನ್ನು ಎತ್ತಿಕೊಳ್ಳುವ ಮೊದಲೂ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿ, ತಣ್ಣಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುವರು. ಪುಣೆಯಲ್ಲಿ ನಮ್ಮ ಪೇಟೆಯ ಹೆರಿಗೆ ದವಾಖಾನೆಯ ನರ್ಸ್‌ಬಾಯಿ. ಬೆಳಗಾವಿ ಕಡೆಯವರು, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕೆಲಸ ಕಲಿತು ಒಬ್ಬರೇ ಬದುಕಿದವರು. ಮದುವೆಯಾಗಿ ಧಾರವಾಡದಿಂದ ಹೋದ ನನ್ನೊಡನೆ, ಮನೆಯವರ ಹೊರತು, ಆ ಊರಲ್ಲಿ ಕನ್ನಡ ಮಾತಾಡಿದ ಮೊದಲ ಜೀವ ಅವರೇ.

ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯಲ್ಲಿ ನಮ್ಮ ಪಾಲಿನ ಎರಡು ಕೋಣೆಗಳಿಗೆ ಬಿಸಿಲೆಂಬುದೇ ಇರಲಿಲ್ಲ. ಚೊಚ್ಚಲ ಹೆರಿಗೆಯ ಮೇಲೆ ನಾನು ಎದ್ದು ನಿಲ್ಲಲಾರದಷ್ಟು ಸೊರಗಿದೆ. ನರ್ಸ್‌ಬಾಯಿ ಬಂದು ನನ್ನ ಕಣ್ಣರೆಪ್ಪೆ ಎಳೆದು ನೋಡಿ ಅತ್ತೆಯವರಿಗೆ ಹೇಳಿದರು: "ನಾಕ್ ಗ್ವಾಡಿ ನಡುವ ಕುಂಡರ್ಸಿದ್ರ ಈಕಿ ಉಳ್ಯಂಗಿಲ್ರಿ. ದಿನಾ ಸಂಜೀಮುಂದ ಒಂದ್ ತಾಸು ತೋಪಿಗೆ ಕಳಸ್ರಿ."

ತೋಪೆಂದರೆ ದವಾಖಾನೆಯ ಹಿಂದಿನ ಬೇವಿನ ಮರಗಳು, ಅವುಗಳ ಕೆಳಗಿನ ಹುಲ್ಲು. ಸುತ್ತಲಿನ ವಾಡೆಗಳ ಬಾಣಂತಿಯರಿಗೆಲ್ಲ ಅವರು ಹೇಳುತ್ತಿದ್ದ ಮದ್ದು ಅದೊಂದೇ. ಮೂರು ತಿಂಗಳಲ್ಲಿ ನಾನು ತುಂಬಿದ ಕೊಡ ಹೊತ್ತು ಮಹಡಿ ಹತ್ತುವಂತಾದೆ.

ಆಮೇಲೆ ಯುದ್ಧದ ಕಾಲ ಬಂತು. ಖಡಕಿಯ ಮದ್ದುಗುಂಡಿನ ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಜನ ಬಂದು, ಊರಲ್ಲಿ ಬಾಡಿಗೆಗೆ ಮನೆಯೇ ಸಿಗದಂತಾಯಿತು. ದವಾಖಾನೆಯನ್ನು ನಡೆಸುತ್ತಿದ್ದ ಟ್ರಸ್ಟಿನವರು ತೋಪು ಕಡಿದು ಅಲ್ಲಿ ಬಾಡಿಗೆಯ ಸಾಲುಕೋಣೆಗಳ ಚಾಳು ಕಟ್ಟಿಸುವ ಠರಾವು ಮಾಡಿದರು. ಮರಗಳ ಮೇಲೆ ಸುಣ್ಣದ ಗುರುತು ಬಿತ್ತು.

ಮರುದಿನವೇ ನರ್ಸ್‌ಬಾಯಿ ಕಾಗದ ಹಿಡಿದು ನಮ್ಮ ಮನೆಗೆ ಬಂದರು.

"ತಂಗೀ, ತಕರಾರು ಅರ್ಜಿ ಬರಿ."

"ನನ್ನ ಮರಾಠಿ ತಪ್ಪಾಗ್ತದ್ರಿ ಬಾಯಾರ."

"ತಪ್ಪಾಗ್ಲಿ. ಗಿಡಾ ಕಡದ್ ಮ್ಯಾಲ ವ್ಯಾಕರಣಾ ತಗೊಂಡ್ ಏನ್ ಮಾಡ್ತಿ?"

ಬರೆದೆ. ಮೊದಲ ಸಹಿ ಅವರದೇ. ಆಮೇಲೆ ಮನೆಮನೆಯ ಅಡಿಗೆಮನೆಗೆ ಹೋಗಿ ಹೆಂಗಸರ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಅರ್ಜಿ ಕೈಸೇರಿದ್ದೇ ತಡ, ಟ್ರಸ್ಟಿನ ಕಾರ್ಯದರ್ಶಿ ಅವರನ್ನು ಕರೆಸಿ, ಹೆಸರು ಹಿಂತೆಗೆದುಕೊಳ್ಳದಿದ್ದರೆ ನೌಕರಿಯನ್ನೂ ದವಾಖಾನೆಯ ಕೋಣೆಯನ್ನೂ ಬಿಡಬೇಕಾದೀತು ಎಂದರು.

"ಬಿಡಸ್ಲಿ" ಅಂದರು ನರ್ಸ್‌ಬಾಯಿ ನನ್ನೆದುರು. "ಊರಾಗ ಹೆರೂದೇನ್ ನಿಂದ್ರತದೇನು? ಮನಿಮನಿಗೆ ಹೋಗಿ ಮಾಡಸ್ತೇನಿ."

ಮಾತು ದಿಟ್ಟವಾಗಿತ್ತು. ಆದರೆ ಆ ಸಂಬಳ ಬಿಟ್ಟರೆ ಅವರಿಗೆ ಬೇರೆ ಆಸರೆ ಇರಲಿಲ್ಲ.

ಅಷ್ಟೊಂದು ಹೆಬ್ಬೆಟ್ಟುಗಳನ್ನು ಕಂಡು ಟ್ರಸ್ಟಿನವರು ಜಾಗವನ್ನೊಮ್ಮೆ ನೋಡಲು ಒಪ್ಪಿದರು. ಅವರು ಬರುವ ಸಂಜೆ ನರ್ಸ್‌ಬಾಯಿ ಎಲ್ಲ ವಾಡೆಗಳಿಗೂ ಒಂದೇ ಮಾತು ಹೇಳಿ ಕಳಿಸಿದ್ದರು: "ಕೂಸು ತರ್ರಿ, ಒಂದ್ ಹಳೀ ಸೀರಿ ತರ್ರಿ."

ಟ್ರಸ್ಟಿನ ಅಧ್ಯಕ್ಷರು, ವಯಸ್ಸಾದ ವಕೀಲರು, ತೋಪಿನೊಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ಬಾಗಿದ ಕೊಂಬೆಕೊಂಬೆಗೂ ಸೀರೆಯ ಜೋಲಿ. ಕೆಂಪು, ಹಸಿರು, ಮಾಸಿದ ನೀಲಿ. ಒಂದೊಂದರಲ್ಲೂ ಒಂದು ಕೂಸು. ಕೆಳಗೆ ತಾಯಂದಿರು. ನರ್ಸ್‌ಬಾಯಿ ಮುಂದೆ ಬಂದು ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿ ತಡೆದರು. ನೌಕರರು ಮಾತಾಡುವಂತಿಲ್ಲವಂತೆ. ನರ್ಸ್‌ಬಾಯಿ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ನೂಕಿದರು.

ಮಾವನವರೆದುರು ಕೂಡ ದನಿ ಎತ್ತದವಳು ನಾನು. ಮುರುಕು ಮರಾಠಿಯಲ್ಲಿ ಹೇಳಿದೆ: "ನಿಮ್ಮ ಠರಾವಿನಲ್ಲಿ ಇದು ಖಾಲಿ ಜಾಗ ಎಂದು ಬರೆದಿದೆ. ನಾನು ಇಲ್ಲಿ ನಡೆದಾಡಿ ಬದುಕಿದವಳು. ಮನೆಗಳು ಬೇಕು, ಬೇಡ ಅನ್ನುವುದಿಲ್ಲ. ರಸ್ತೆಯ ಆಚೆ ನಿಮ್ಮದೇ ಕಲ್ಲುನೆಲವಿದೆ, ಅಲ್ಲಿ ಕಟ್ಟಿಸಿ. ಆ ಮನೆಗಳ ಹೆಂಗಸರೂ ಇಲ್ಲಿಗೇ ಬರಲಿ."

ಆಗ ಹತ್ತಿರದ ಜೋಲಿಯಲ್ಲಿ ಕೂಸು ಅತ್ತಿತು. ಅಧ್ಯಕ್ಷರು ತಮಗರಿವಿಲ್ಲದೆಯೇ ಕೈ ಚಾಚಿ ತೂಗತೊಡಗಿದರು.

"ಯಾರದಮ್ಮಾ ಈ ಕೂಸು?"

ಗುಂಪಿನಿಂದ ಒಬ್ಬಳು ಸೆರಗು ಎಳೆದುಕೊಂಡು ಎದ್ದು ನಿಂತಳು. ಅವರ ಸೊಸೆಯೇ. "ನಮ್ಮದೇ, ಮಾಮಂಜೀ" ಅಂದಳು.

ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿ ತೋಪೆಲ್ಲ ತುಂಬಿತು. ಕೊನೆಗೆ ಅಧ್ಯಕ್ಷರೂ ನಕ್ಕರು. ಮುಂದಿನ ವಾರವೇ ಠರಾವು ರದ್ದಾಯಿತು, ಮುಂದೆ ಚಾಳು ಕಲ್ಲುನೆಲದ ಮೇಲೆ ಎದ್ದಿತು. ನರ್ಸ್‌ಬಾಯಿಯ ನೌಕರಿ ಉಳಿಯಿತು. ಠರಾವು ರದ್ದಾದ ದಿನ ನಾವೆಲ್ಲ ತೆಂಗಿನ ನಾರು ಹಿಡಿದು ಮರಗಳ ಸುಣ್ಣ ತಿಕ್ಕಿ ತೊಳೆದೆವು. ಅವರು ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ಮದುವೆಮನೆಯ ಯಜಮಾನತಿಯಂತೆ, "ಜೋರ್ ತಿಕ್ರಿ, ಇನ್ನೂ ಕಾಣಸ್ತದ!" ಎಂದು ಕೂಗುತ್ತ ಓಡಾಡಿದರು.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷದ ಬೇಸಗೆಯಲ್ಲಿ ಅವರು ವಿಷಮಜ್ವರದಿಂದ ತೀರಿಕೊಂಡರು. ಬಂಧುಗಳು ಯಾರೂ ಇರಲಿಲ್ಲ. ಆದರೂ ಅವರ ಶವಯಾತ್ರೆ ಮುಂದೆ ಸಾಗಲು ಭಾಳ ಹೊತ್ತು ಹಿಡಿಯಿತು; ವಾಡೆವಾಡೆಯ ಬಾಗಿಲಲ್ಲೂ ಹೆಂಗಸರು ಹೂ ಹಿಡಿದು ಕಾಯುತ್ತಿದ್ದರು.

ಕೆಲವು ತಿಂಗಳ ಮೇಲೆ ಟ್ರಸ್ಟಿನವರು ಮನೆಗೆ ಬಂದು, ದವಾಖಾನೆಯ ಸಮಿತಿಗೆ ಸೇರುವಿರಾ ಎಂದು ನನ್ನನ್ನು ಕೇಳಿದರು. ಮೊದಲಾಗಿದ್ದರೆ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನುತ್ತಿದ್ದೆ. ಅಂದು ಹೊಸ್ತಿಲಲ್ಲೇ ನಿಂತು, ಬರುತ್ತೇನೆ ಅಂದೆ.