ಓಣಿಯವರು ಹೇಳುವುದು

ಹಾವೇರಿಯಲ್ಲಿ ಮದುವೆಯಾದ ಗಂಡಸರಲ್ಲಿ ಅರ್ಧದಷ್ಟು ಮಂದಿಯ ಮೈಬಣ್ಣ ತಿದ್ದಿದವಳು ಪದ್ಮಜಾ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ಡಿಟಿಪಿ ಅಂಗಡಿ. ಅಲ್ಲಿ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು ಎಲ್ಲ ಆಗುತ್ತಿದ್ದವು, ಆದರೆ ಜನ ಮುಗಿಬೀಳುತ್ತಿದ್ದದ್ದು ಮದುವೆಯ ಬಯೋಡೇಟಾಕ್ಕೆ. ಕಪ್ಪಗಿದ್ದವನನ್ನು ಗೋಧಿಬಣ್ಣಕ್ಕೆ ತರುವುದು, ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವವನನ್ನು ‘ಸ್ವಂತ ಉದ್ಯೋಗ’ಕ್ಕೆ ಹಚ್ಚುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ವಯಸ್ಸು ನಲವತ್ತರ ಹತ್ತಿರ ಬಂದರೂ ತನ್ನದೊಂದು ಬಯೋಡೇಟಾ ಮಾತ್ರ ಅವಳು ಮಾಡಿಕೊಂಡಿರಲಿಲ್ಲ. ಯಾಕೆಂದು ಕೇಳಿದವರಿಗೆ “ಪ್ರಿಂಟರ್ ಕೆಟ್ಟದರಿ” ಎಂದುಬಿಡುತ್ತಿದ್ದಳು. ಬೆನ್ನ ಹಿಂದೆ ಓಣಿ ತನ್ನ ಬಗ್ಗೆ ಏನೆನ್ನುತ್ತದೋ ಎಂಬ ಅಳುಕು ಅವಳಿಗೆ ಇಲ್ಲದಿರಲಿಲ್ಲ, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೇ.

ಅವಳ ಚಟವೇ ಬೇರೆ. ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಖೋಲಿಯಲ್ಲಿ ಪಾತ್ರದಾಟ ನಡೆಯುತ್ತಿತ್ತು. ಒಬ್ಬರು ಕಥೆ ಹೇಳುವುದು, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನುಗ್ಗುವುದು, ಗೆಲ್ಲುತ್ತಾರೋ ಬೀಳುತ್ತಾರೋ ಎಂದು ಅನುಮಾನ ಬಂದಲ್ಲಿ ದಾಳ ಉರುಳಿಸುವುದು. ಪಾತ್ರದ ಶಕ್ತಿಯೇನು, ದೌರ್ಬಲ್ಯವೇನು ಎಂದು ಬರೆದಿಟ್ಟ ಹಾಳೆಯೊಂದು ಪ್ರತಿಯೊಬ್ಬರ ಮುಂದೆ. ಕಥೆ ಹೇಳುವವಳು ಪದ್ಮಜಾ. ಆಡುವವರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಫಕ್ರುದ್ದೀನ ಮತ್ತು ರಾಣೆಬೆನ್ನೂರಿನ ಬೀಜದ ಅಂಗಡಿಯ ಕೊಟ್ರಪ್ಪ. ವಾರವಿಡೀ ಊರವರ ಸುಳ್ಳುಗಳನ್ನು ಟೈಪು ಮಾಡುವ ಪದ್ಮಜಾಳಿಗೆ ತನ್ನದು ಎನ್ನುವ ಹೊತ್ತು ಅದೊಂದೇ.

ಬೇರೆಯವರೂ ಬಂದು ನೋಡಿದ್ದರು, ಯಾರೂ ನಿಂತಿರಲಿಲ್ಲ. ತಪ್ಪೆಲ್ಲ ಹಾಳೆಯದು. ಇಂಟರ್ನೆಟ್ಟಿನಿಂದ ಇಳಿಸಿದ ಆ ಇಂಗ್ಲಿಷ್ ಹಾಳೆಯ ತುಂಬ ಸಣ್ಣ ಸಣ್ಣ ಚೌಕಗಳು, ಚೌಕದೊಳಗೆ ಅಂಕಿಗಳು. “ಇದಕ್ಕಿಂತ ಪಹಣಿ ಓದೂದು ಹಗುರ ಐತ್ರಿ ಅಕ್ಕಾರ” ಎಂದು ಕೊಟ್ರಪ್ಪ ಇವತ್ತಿಗೂ ಗೊಣಗುತ್ತಿದ್ದ.

ದಾಳದ ಸದ್ದು ಕೇಳಿದ ಮೇಲೆ ಓಣಿ ಸುಮ್ಮನಿರುತ್ತದೆಯೇ? ಖೋಲಿಯ ಒಡತಿ ಮಥುರಾಬಾಯಿಯ ಕಿವಿಗೆ ಸುದ್ದಿ ಬೀಳುವಷ್ಟರಲ್ಲಿ ಅದು ಜೂಜಿನ ಅಡ್ಡೆಯಾಗಿತ್ತು. ಮಥುರಾಬಾಯಿ ಸಾಮಾನ್ಯಳಲ್ಲ. ಸಂಬಂಧ ಕುದುರಿಸುವುದರಲ್ಲಿ ಜಿಲ್ಲೆಗೇ ಹೆಸರಾದ ಮುದುಕಿ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಗೆ ಬಂದಳು.

“ಕೊರಿಯರ್‌ನವರು ಖೋಲಿ ಕೇಳ್ಲಿಕ್ಕತ್ತಾರ ಪದ್ಮಾ. ಈ ರವಿವಾರ ನಾನೂ ಬಂದು ಆಡ್ತೀನಿ. ಆಟ ನನಗ ತಿಳೀತು, ಸೇರ್ತು ಅಂದ್ರ ಖೋಲಿ ನಿನಗs. ಇಲ್ಲಂದ್ರ ಸೋಮವಾರ ಕೀಲಿ ನನ್ನ ಕೈಯಾಗ ಇರಬೇಕು.”

ಖೋಲಿ ಹೋದರೆ ಪದ್ಮಜಾಳ ಭಾನುವಾರವೇ ಹೋಯಿತು. ಮಥುರಾಬಾಯಿಯ ಮುಂದೆ ಆ ಇಂಗ್ಲಿಷ್ ಹಾಳೆ ಇಟ್ಟರೆ ಅವಳು ಕನ್ನಡಕ ಏರಿಸುವ ಮೊದಲೇ ಕೀಲಿ ಕೇಳುತ್ತಾಳೆ. ಮುದುಕಿಗೂ ತಟ್ಟನೆ ತಿಳಿಯುವ ಹಾಳೆ ಎಲ್ಲಿಂದ ತರುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಗಿರಾಕಿಯೊಬ್ಬಳು ಬಂದು, ನಿಂತಲ್ಲೇ ಮಗನ ಬಯೋಡೇಟಾ ಹೇಳಿ ಬರೆಸಿ, ಒಂದು ಕಡೆಯೂ ತಡವರಿಸದೆ ಹೊರಟುಹೋದಳು. ಪದ್ಮಜಾ ಹಣೆ ಬಡಿದುಕೊಂಡಳು. ಈ ಊರಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡು ತುಂಬುವ ಹಾಳೆ ದಿನವಿಡೀ ತನ್ನ ಕೈಯಲ್ಲೇ ಇದೆಯಲ್ಲ!

ಇಂಗ್ಲಿಷ್ ಹಾಳೆ ಕಸದ ಬುಟ್ಟಿ ಸೇರಿತು. ಹೊಸ ಹಾಳೆಯಲ್ಲಿ ಹೆಸರು, ಎತ್ತರ, ಮನೆತನ ಬಂದವು. ಪಾತ್ರ ಏನು ಕಲಿತಿದೆಯೋ ಅದು ‘ವಿದ್ಯೆ’ಯಾಯಿತು, ಕತ್ತಿ ಕುದುರೆ ‘ಆಸ್ತಿ’ಯಾದವು. ಆಪತ್ತಿಗೆ ಓಡಿಬರುವವನ ಜಾಗದಲ್ಲಿ ‘ಸೋದರಮಾವ’ ಕೂತ. ಕೊನೆಗೊಂದು ಸಾಲು ‘ದೋಷ’. ಮೇಲೆ ಗಣಪತಿಯನ್ನೂ ಕೂರಿಸಿದಳು.

ಭಾನುವಾರ ಮಥುರಾಬಾಯಿ ಹಾಳೆ ನೋಡಿದ್ದೇ “ಇಷ್ಟs ಏನು?” ಎಂದು ಪೆನ್ನು ಹಿಡಿದಳು. ಅವಳು ಆರಿಸಿಕೊಂಡದ್ದು ಕಳ್ಳಿಯ ಪಾತ್ರ. ಹೆಸರು ಕುಮಾರಿ ಚಂಪಾವತಿ, ಉದ್ಯೋಗ ‘ಅರಮನೆಯ ಬೀಗಗಳ ಉಸ್ತುವಾರಿ’. ಕೊಟ್ರಪ್ಪ ಯೋಧನಾದ, ಫಕ್ರುದ್ದೀನ ಮಾಂತ್ರಿಕನಾದ. ಪದ್ಮಜಾ ಹಿಗ್ಗಿದಳು. ಹಾಳೆಗಳು ಕೈಗೆ ಬಂದಾಗ ಹಿಗ್ಗು ಇಳಿಯಿತು. ‘ದೋಷ’ ಎಂಬಲ್ಲಿ ಮೂವರೂ ‘ಇಲ್ಲ’ ಎಂದು ಬರೆದಿದ್ದರು.

“ಮೌಶಿ, ಒಂದರೆ ದೋಷ ಬರೀರಿ” ಎಂದು ಪದ್ಮಜಾ ಮಥುರಾಬಾಯಿಯನ್ನು ಕೇಳಿಕೊಂಡಳು.

“ಬಯೋಡೇಟಾದಾಗ ದೋಷ ಬರಕೊಂಡವರನ್ನ ನೀ ಎಲ್ಲೆರೆ ನೋಡೀಯೇನು? ನಮ್ಮ ಚಂಪಾವತಿಗೆ ಅಂಥಾದ್ದೇನೂ ಇಲ್ಲ.”

ಹಳಬರಿಬ್ಬರೂ ತಲೆದೂಗಿದರು. ಗಣಪತಿಯ ಚಿತ್ರ ಕಂಡದ್ದೇ ಅವರ ಕೈ ತಾನಾಗಿ ‘ಇಲ್ಲ’ ಬರೆದಿತ್ತು.

ಆಟ ಶುರುವಾಯಿತು. ಗಳಗನಾಥದ ಸಂಗಮದ ದಂಡೆಯಲ್ಲಿ ಕೋಟೆ, ಕೋಟೆಯಲ್ಲಿ ರಾಕ್ಷಸ. ಆದರೆ ಎಲ್ಲ ಬಲ್ಲ, ಯಾವುದಕ್ಕೂ ಅಂಜದ ಮೂವರಿಗೆ ಅನುಮಾನ ಎಲ್ಲಿಂದ ಬರಬೇಕು? ದಾಳಕ್ಕೆ ಕೆಲಸವೇ ಬೀಳಲಿಲ್ಲ. ಚಹಾ ಬರುವ ಮೊದಲೇ ರಾಕ್ಷಸ ಸತ್ತ.

“ಮುಗೀತೇನು? ಇದಕ್ಕಿಂತ ಟೀವಿ ಧಾರಾವಾಹಿ ಛಲೋ. ಕೀಲಿ ತಾ ಇಲ್ಲೆ” ಎಂದು ಮಥುರಾಬಾಯಿ ಎದ್ದಳು.

ಪದ್ಮಜಾಳ ಕೈ ಕೀಲಿಯ ಕಡೆ ಹೋಯಿತು, ಬಾಯಿ ಮಾತ್ರ ಸೋಲಲಿಲ್ಲ. “ಒಂದ ಮಾತು ಮೌಶಿ. ಬಯೋಡೇಟಾ ಬಂದ ಮ್ಯಾಲ ನೀವು ಏನ ಮಾಡ್ತೀರಿ?”

“ವಿಚಾರಣಿ ಮಾಡ್ತೀನಿ.”

“ಯಾರನ್ನ ಕೇಳ್ತೀರಿ?”

“ಬಾಜೂ ಮನಿಯವರನ್ನ. ಹಡದಾಕಿನ್ನ ಕೇಳಿದ್ರ ಖರೇ ಹೇಳ್ತಾಳೇನು, ಹುಚ್ಚಿ!”

ಪದ್ಮಜಾ ಹಾಳೆಗಳನ್ನು ಬೋರಲು ಹಾಕಿ, ಬೆನ್ನಿನ ಮೇಲೆ ‘ಓಣಿಯವರು ಹೇಳುವುದು’ ಎಂದು ಬರೆದು, ಒಬ್ಬೊಬ್ಬರದನ್ನು ಪಕ್ಕದವರ ಕೈಗೆ ಕೊಟ್ಟಳು. ಮಥುರಾಬಾಯಿಯ ಕಣ್ಣುಗಳು ಮಿನುಗಿದವು. ಎದ್ದವಳು ಕೂತಳು. ಕೊಟ್ರಪ್ಪನ ಯೋಧನ ಬೆನ್ನಿಗೆ ‘ಹಲ್ಲಿ ಕಂಡರ ಗೋಡೆ ಏರತಾನ’ ಎಂದು ಬರೆದಳು. ಫಕ್ರುದ್ದೀನ ನಗು ತಡೆಯುತ್ತ ಚಂಪಾವತಿಯ ಬೆನ್ನಿಗೆ ‘ಬೀಗ ಕಂಡರ ತೆಗೀದೇ ಬಿಡೂದಿಲ್ಲ’ ಎಂದು ಗೀಚಿದ. ಕೊಟ್ರಪ್ಪ ಮಾಂತ್ರಿಕನ ಬಗ್ಗೆ ‘ಮಂತ್ರದ ನಡುವ ಸೀನು ಬರತೈತಿ’ ಎಂದ. ಬ್ಯಾಡಗಿಯ ಮನುಷ್ಯನಿಗೆ ಅದು ಒಪ್ಪುವ ದೋಷವೇ.

ಆಟ ಮತ್ತೆ ಮೊದಲಿನಿಂದ ಶುರುವಾಯಿತು. ಆಮೇಲೆ ನೋಡಬೇಕಿತ್ತು ಆ ಖೋಲಿಯನ್ನು. ಕೋಟೆಯ ಬಾಗಿಲಲ್ಲೇ ಹಲ್ಲಿ. ಯೋಧ ಗೋಡೆಯ ಮೇಲೆ. ದಾಳದ ಮೇಲೆ ದಾಳ ಉರುಳಿ, ಮಾಂತ್ರಿಕ ಸೀನಿ ಸೀನಿ ಕೊನೆಗೂ ರಾಕ್ಷಸನನ್ನು ಪಂಜರಕ್ಕೆ ಹಾಕಿ ಬೀಗ ಜಡಿದ. ಚಂಪಾವತಿ ಆ ಬೀಗವನ್ನು ನೋಡಿದಳು.

“ಬ್ಯಾಡ್ರಿ ಬಾಯಾರ!” ಎಂದು ಕೊಟ್ರಪ್ಪ ಚೀರಿದ.

“ನಾ ಏನ ಮಾಡ್ಲಿ, ಓಣಿಯವರು ಬರದಾರ” ಎಂದು ಮಥುರಾಬಾಯಿ ದಾಳ ಎಸೆದಳು. ಬೀಗ ಕಳಚಿತು, ರಾಕ್ಷಸ ಹೊರಬಂದ, ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಂಜೆ ಎಲ್ಲರೂ ಏಳುವ ಹೊತ್ತಿಗೆ ಅವಳು ಕೇಳಿದಳು, “ನಿನ್ನ ಹಾಳಿ ಎಲ್ಲದ ಪದ್ಮಾ?”

“ನಾ ಕಥಿ ಹೇಳಾಕಿ ಮೌಶಿ. ನನಗ ಹಾಳಿ ಇಲ್ಲ.”

ಮಥುರಾಬಾಯಿ ಖಾಲಿ ಹಾಳೆಯೊಂದನ್ನು ಎಳೆದುಕೊಂಡು, ಮುಂಬದಿಯನ್ನು ಮುಟ್ಟದೆ ಬೆನ್ನಿನ ಮೇಲೆ ಏನೋ ಬರೆದು, ಮಡಚಿ ಮೇಜಿನ ಮೇಲಿಟ್ಟು ಹೊರಟಳು. ಕೀಲಿಯ ಮಾತೇ ಎತ್ತಲಿಲ್ಲ. ಓಣಿ ಏನೆನ್ನುತ್ತದೋ ಎಂದು ಇಷ್ಟು ವರ್ಷ ಅಳುಕಿದವಳಿಗೆ ಅದನ್ನು ಬಿಚ್ಚಲು ಧೈರ್ಯ ಸಾಲಲಿಲ್ಲ. ಚಹಾದ ಕಪ್ಪುಗಳನ್ನೆಲ್ಲ ತೊಳೆದಿಟ್ಟು ಬಂದ ಮೇಲೆ ಬಿಚ್ಚಿದಳು.

‘ಹುಡುಗಿ ಬಂಗಾರದಂಥಾಕಿ. ದೋಷ ಒಂದs: ಹಿಂದಿನ ಖೋಲಿ ಬಿಟ್ಟು ಎಲ್ಲೂ ಹೋಗೂದಿಲ್ಲ. ಯಾರೂ ಬಿಡಸ್ಲಿಕ್ಕೆ ಬರಬ್ಯಾಡ್ರಿ.’