ಮನೆ ಮಗಳಿಗೆ ಅನುಭವ ಪತ್ರ

ನನ್ನ ವೀಸಾಕ್ಕೆ ಕಲ್ಲು ಹಾಕಿದ ಸುದ್ದಿಯನ್ನು ನನ್ನ ಸೋದರಮಾವ ಕಡುಬು ಮುರಿದು ಕೋಳಿಸಾರಿಗೆ ಅದ್ದುತ್ತಾ, ಬಹಳ ಸಂತೋಷದಿಂದ ನನಗೇ ಹೇಳಿದರು.

“ಬೆಳಗ್ಗೆ ಯಾವಳೋ ಬೆಂಗಳೂರಿಂದ ಫೋನ್ ಮಾಡಿದ್ಲು ಕಣೆ. ನಿನ್ನ ಹೆಸರು ಹೇಳಿ, ಇವರು ನಿಮ್ಮ ಹತ್ರ ಕೆಲಸಕ್ಕಿದಾರಾ ಅಂತ ಕೇಳ್ತಾಳೆ. ನಂಗೆ ಹೆಂಗಾಗಬೇಡ? ನೋಡಮ್ಮ, ಅವಳು ನನ್ನ ತಂಗಿ ಮಗಳು, ನಮ್ಮನೆ ಹುಡುಗಿ, ಅವಳನ್ನ ಕೆಲಸಕ್ಕಿಟ್ಕಳಂಥದ್ದು ನಮಗೇನು ಬಂದಿಲ್ಲ ಅಂತ ಹೇಳಿ ಇಟ್ಬುಟ್ಟೆ.”

ಅತ್ತೆ ಅವರಿಗೆ ಇನ್ನೊಂದು ಸೌಟು ಸಾರು ಬಡಿಸಿದರು. ಅಮ್ಮ ತನ್ನ ಅಣ್ಣನನ್ನು ನೋಡಿದ ನೋಟದಲ್ಲಿ ನೇರವಾದ ಕೃತಜ್ಞತೆ ಇತ್ತು.

“ಮಾವ, ಅದು ವೀಸಾದವರ ವಿಚಾರಣೆ. ಹೌದು ಅನ್ನಬೇಕಿತ್ತು.”

“ಏನು ಹೌದು?”

“ನಾನು ನಿಮ್ಮ ಎಸ್ಟೇಟಲ್ಲಿ ಕೆಲಸ ಮಾಡ್ತೀನಿ ಅಂತ.”

“ಫೋನು ಸ್ಪೀಕರಲ್ಲಿತ್ತು. ಜಗಲಿ ಮೇಲೆ ಲೆಕ್ಕ ಬರೆಯೋ ರೈಟರ್ ಇದ್ದ, ನಾಕು ಜನ ಆಳು ನಿಂತಿದ್ರು. ಅವರ ಮುಂದೆ ನನ್ನ ತಂಗಿ ಮಗಳು ನನ್ನ ಹತ್ರ ಕೂಲಿಗವಳೆ ಅಂತ ಒಪ್ಕಬೇಕಾಗಿತ್ತಾ? ಮೊದಲು ಊಟ ಮಾಡು.”

ಊಟ ಮಾಡಿದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಲಿತ ಮೊದಲ ಪಾಠ ಅದು. ಎದುರಾಳಿ ಮಾತು ಮುಗಿಸುವವರೆಗೆ ಬಾಯಿಗೆ ಬೇರೆ ಕೆಲಸ ಕೊಡಬೇಕು.

ಅಪ್ಪ ಹೋದ ಮೇಲೆ ನಾನೂ ಅಮ್ಮನೂ ಪಾಳ್ಯದ ಕಡೆಯಿಂದ ಹಾನುಬಾಳಿನ ಹತ್ತಿರದ ಮಾವನ ಎಸ್ಟೇಟಿಗೆ ಬಂದೆವು. ಹಾಸನದಲ್ಲಿ ಡಿಗ್ರಿ ಮುಗಿಸಿದ ವರ್ಷವೇ ಮಾವ ನನ್ನನ್ನು ಸ್ಟೋರಿಗೆ ಕರೆದುಕೊಂಡು ಹೋಗಿ, “ಸುಮ್ನೆ ಕೂತಿರೋ ಬದಲು ಇಲ್ಲೊಂಚೂರು ಕಣ್ಣಾಡಿಸ್ತಿರು” ಅಂದರು. ಸ್ಟೋರ್ ಅಂದರೆ ಕುಯ್ದ ಕಾಫಿಹಣ್ಣು ಬಂದು ಬೀಳುವ ಜಾಗ. ಸಿಪ್ಪೆ ಸುಲಿಯುವುದು, ತೊಳೆಯುವುದು, ಕಣದಲ್ಲಿ ಒಣಗಿಸುವುದು, ಮೂಟೆ ಕಟ್ಟುವುದು ಎಲ್ಲ ಅಲ್ಲೇ. ಕಣ್ಣಾಡಿಸುವ ಕೆಲಸ ಬೆಳಗ್ಗೆ ಕಾಫಿಗೆ ಮುಂಚೆ ಶುರುವಾಗಿ ಕೊನೆಯ ತೊಟ್ಟಿ ತೊಳೆಯುವವರೆಗೆ ನಡೆಯುತ್ತಿತ್ತು. ಮನೆ ಮಗಳು ಅನ್ನುವುದು ವಿಚಿತ್ರ ಹುದ್ದೆ. ಅದಕ್ಕೆ ಸಂಬಳವಿಲ್ಲ, ರಜೆಯಿಲ್ಲ, ಬಿಡ್ತೀನಿ ಅಂದರೆ ಬಿಡಿಸಿಕೊಳ್ಳುವವರೂ ಇಲ್ಲ. ಆಳು ಕಾಯಿಲೆ ಬಿದ್ದರೆ ಮನೆಗೆ ಹೋಗುತ್ತಾನೆ. ನಾನು ಕಾಯಿಲೆ ಬಿದ್ದರೆ, ಮೊದಲೇ ಮನೆಯಲ್ಲಿದ್ದವಳಾದ್ದರಿಂದ, ಸ್ಟೋರಿಗೆ ಹೋಗುತ್ತಿದ್ದೆ.

ಆದರೆ ಕೆಲಸ ನನಗೆ ಹಿಡಿಸಿತು, ಅದನ್ನು ಮುಚ್ಚಿಡುವುದಿಲ್ಲ. ಹಣ್ಣು ಎಷ್ಟು ಹೊತ್ತು ಹುಳಿಯಬೇಕು, ಎಷ್ಟು ತೆಳ್ಳಗೆ ಹರಡಬೇಕು ಅನ್ನುವುದರಿಂದ ರುಚಿ ಹೇಗೆ ಬದಲಾಗುತ್ತದೆ ಅಂತ ಬೆನ್ನು ಬಿದ್ದೆ. ರುಚಿ ನೋಡುವ ತರಬೇತಿಗೆ ಹೋಗಿ ಬಂದೆ. ಸಾಲಾಗಿ ಬಟ್ಟಲಿಟ್ಟು, ಚಮಚದಲ್ಲಿ ಸುರ್ರೆಂದು ಹೀರಿ, ಉಗಿದು, ಬರೆದಿಡುವುದು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, “ಉಗಿಯಾಕೆ ಇಷ್ಟು ಓದ್ಬೇಕಾಗಿತ್ತೇನೇ ಮಾರಾಯ್ತಿ, ನಮ್ಮತ್ತೆ ಎಲೆಅಡಿಕೆ ಹಾಕ್ಕಂಡು ಇದಕ್ಕಿಂತ ದೂರ ಉಗಿಯೋರು” ಅನ್ನುತ್ತಿದ್ದರು. ನಮ್ಮ ಕಾಫಿ ಕೊಳ್ಳುವ ಯುರೋಪಿನ ಕಂಪನಿಯವರು ಒಂದು ಸುಗ್ಗಿಯಲ್ಲಿ ಬಂದು, ನನ್ನ ಬಟ್ಟಲುಗಳ ಮುಂದೆ ಅರ್ಧ ದಿನ ನಿಂತು, ತಮ್ಮೂರಿಗೆ ಹೋದ ಮೇಲೆ ಕೆಲಸ ಕೊಡುತ್ತೇವೆ ಬನ್ನಿ ಅಂತ ಬರೆದರು. ದೇಶದ ಹೆಸರು ಹೇಳುವುದಿಲ್ಲ. ಅದು ಯಾವ ತಪ್ಪೂ ಮಾಡಿಲ್ಲ.

ಆ ಕೆಲಸದ ವೀಸಾಕ್ಕೆ ಅನುಭವ ಪತ್ರ ಬೇಕಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ತಂದೆ. ಸ್ಟೋರಿನ ಉಸ್ತುವಾರಿ, ಗುಣಮಟ್ಟದ ಪರೀಕ್ಷೆ, ಇಂತಿಷ್ಟು ವರ್ಷ. ಒಂದು ಸುಳ್ಳೂ ಇರಲಿಲ್ಲ. ಸಂಬಳದ ವಿಷಯ ಎತ್ತಿರಲೇ ಇಲ್ಲ. ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸೈನ್ ಮಾಡಿ, ಎಸ್ಟೇಟಿನ ಸೀಲನ್ನೂ ಒತ್ತಿಕೊಟ್ಟರು. ಮುಖದಲ್ಲಿ ಕಸಿವಿಸಿಯ ಸುಳಿವೇ ಇರಲಿಲ್ಲ.

ಇದು ನನಗೆ ಅರ್ಥವಾಗದೆ ಹೋದ ಜಾಗ. ಅದೇ ಮಾತು ಕಾಗದದ ಮೇಲೆ ಇಂಗ್ಲಿಷಿನಲ್ಲಿದ್ದರೆ ಅವರಿಗೆ ಅಡ್ಡಿಯಿಲ್ಲ. ಕಾಗದವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಜಗಲಿಯ ಮೇಲೆ, ಕನ್ನಡದಲ್ಲಿ, ಆಳುಗಳ ಎದುರು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ನಿಜವಾಗುತ್ತದೆ. ನಮ್ಮ ಕಡೆಯ ದೊಡ್ಡ ಮನೆಗಳಲ್ಲಿ ಹೆಣ್ಣುಮಕ್ಕಳು ಎಷ್ಟು ದುಡಿದರೂ ನಡೆಯುತ್ತದೆ, ಅದಕ್ಕೆ ಕೆಲಸ ಅನ್ನುವ ಹೆಸರು ಇಡಬಾರದು ಅಷ್ಟೆ. ಇಟ್ಟರೆ ತಂಗಿಯ ಮಗಳನ್ನು ಕೂಲಿಗೆ ಹಾಕಿದ ಅಂತ ಹೋಬಳಿಯೇ ಆಡಿಕೊಳ್ಳುತ್ತದೆ. ಪುಕ್ಕಟೆ ದುಡಿಸಿಕೊಂಡರೆ ಯಾರೂ ಆಡಿಕೊಳ್ಳುವುದಿಲ್ಲ. ಇದರಲ್ಲಿ ತರ್ಕ ಹುಡುಕಬೇಡಿ, ನಾನು ಹುಡುಕಿ ಸುಸ್ತಾಗಿದ್ದೇನೆ.

ಆ ಫೋನಾದ ಕೆಲವು ವಾರಕ್ಕೆ ತಿರಸ್ಕಾರದ ಉತ್ತರ ಬಂತು. ಹೇಳಿಕೊಂಡ ಅನುಭವವನ್ನು ಉದ್ಯೋಗದಾತರೇ ನಿರಾಕರಿಸಿದ್ದಾರೆ. ಅಂದರೆ ನಾನು ಸುಳ್ಳುಗಾತಿ. ಕಂಪನಿಯ ಹೆಂಗಸು ಫೋನಿನಲ್ಲಿ ಸಿಕ್ಕಾಪಟ್ಟೆ ಮರ್ಯಾದೆಯಿಂದ ಮಾತಾಡಿ, ನಿಮ್ಮ ಸುಗ್ಗಿ ಶುರುವಾಗುವವರೆಗೆ ಜಾಗ ಹಿಡಿದಿಡುತ್ತೇವೆ, ಮತ್ತೆ ಅರ್ಜಿ ಹಾಕಿ, ವೀಸಾದವರು ಪುನಃ ಕರೆ ಮಾಡುತ್ತಾರೆ, ಈ ಸಲವೂ ಹೀಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂದಳು. ಅರ್ಜಿ ಹಾಕಿ ಮಾವನ ಎದುರು ಹೋಗಿ ನಿಂತೆ.

“ಮತ್ತೆ ಫೋನ್ ಬರುತ್ತೆ. ಒಂದೇ ಮಾತು ಹೇಳಿ ಸಾಕು.”

“ಬೇಕಾದ್ರೆ ಇನ್ನೊಂದು ಕಾಗದ ತಾ, ಸೈನ್ ಹಾಕ್ತೀನಿ.”

“ಕಾಗದ ಅವರ ಹತ್ರ ಐತೆ. ಬಾಯಿ ಬೇಕು.”

“ಬಾಯಲ್ಲಿ ಮಾತ್ರ ಹೇಳು ಅನ್ಬೇಡ.”

“ಸರಿ, ನಾನು ಕೆಲಸ ಮಾಡಿಲ್ಲ ಅಂದ್ಕೊಳ್ಳಿ. ಹಂಗಾದ್ರೆ ಸ್ಟೋರ್ ಯಾರು ನೋಡ್ಕೊಂಡ್ರು?”

“ನೀನೇ.”

“ಅದಕ್ಕೇನಂತಾರೆ?”

“ಜವಾಬ್ದಾರಿ ಅಂತಾರೆ. ವಾದ ಮಾಡೋದ್ ಕಲ್ತು ಕೆಟ್ಟೆ ನೀನು.”

ಅಮ್ಮ ಒಳಗಿನಿಂದ ಬಂದು ನನ್ನ ತೋಳು ಹಿಡಿದಳು. “ನಿಮ್ಮಪ್ಪ ಹೋದಾಗ ಕೈ ಹಿಡಿದೋನು ಕಣೆ ಅವನು. ಅವನ ಬಾಯಲ್ಲಿ ಅಂಥ ಮಾತು ಹೇಳಿಸ್ತೀಯಾ?” ಕೈ ಹಿಡಿದವನೇ ಕೈಗೆ ಸಲಿಕೆ ಕೊಟ್ಟ ಅಂತ ಹೇಳಬಹುದಿತ್ತು. ಹೇಳಿದೆ. ಅಮ್ಮ ತೋಳು ಬಿಟ್ಟು ಒಳಗೆ ಹೋದಳು.

ಶನಿವಾರ ನಮ್ಮಲ್ಲಿ ಬಟವಾಡೆ. ವಾರದ ಕೂಲಿ ಹಂಚುವ ದಿನ. ಜಗಲಿಯ ಮೇಲೆ ಮೇಜು ಹಾಕಿ ಮಾವ ಕೂರುತ್ತಾರೆ, ರೈಟರ್ ಹೆಸರು ಕೂಗುತ್ತಾನೆ, ಆಳುಗಳು ಅಂಗಳದಲ್ಲಿ ಸಾಲು ನಿಂತು ಒಬ್ಬೊಬ್ಬರೇ ಬಂದು ಕೈಗೆ ತಗೊಂಡು ಹೋಗುತ್ತಾರೆ. ಆ ಶನಿವಾರ ನಾನು ಸ್ಟೋರಿನಿಂದ ನೇರ ಬಂದು, ಹೆಂಗಸರ ಸಾಲಿನ ಕೊನೆಯಲ್ಲಿ ನಿಂತೆ.

ಮುಂದಿದ್ದ ಕಳೆ ತೆಗೆಯುವ ಮುದುಕಿ ತಿರುಗಿ ನೋಡಿದಳು. “ಏನವ್ವಾ, ದಾರಿ ತಪ್ತಾ?”

“ಇಲ್ಲ ಅಜ್ಜಿ, ಕೂಲಿ ಇಸ್ಕೊಳ್ಳಕ್ಕೆ.”

“ನೀನ್ ಬಂದ್ರೆ ನಮ್ ಪಾಲು ಕಮ್ಮಿ ಆಗ್ಬುಟ್ಟದು. ಹಿಂದಕ್ ನಿಂತ್ಕ.”

ಸಾಲು ನಕ್ಕಿತು. ನನ್ನ ಸರದಿ ಬಂದಾಗ ರೈಟರ್ ಪುಸ್ತಕದ ಮೇಲೆ ಕೈಯಿಟ್ಟು ಮಾವನ ಮುಖ ನೋಡಿದ. ಮಾವ ಮೆಲ್ಲಗೆ, “ತಮಾಷೆ ಸಾಕು, ಒಳಗೋಗು” ಅಂದರು.

“ಕೂಲಿ ಕೊಡಿ, ಹೋಗ್ತೀನಿ.”

“ಯಾವ್ ಕೆಲಸಕ್ಕೆ?”

ಅದೊಂದು ಪ್ರಶ್ನೆ ಕೇಳಬಾರದಿತ್ತು ಅವರು. ನಾನು ಅಂಗಳದ ಕಡೆ ತಿರುಗಿದೆ. “ನಾನು ಯಾವ ಕೆಲಸ ಮಾಡ್ತೀನಿ ಅಂತ ಗೌಡ್ರು ಕೇಳ್ತಾವ್ರೆ. ಗೊತ್ತಿರೋರು ಹೇಳಿ.”

ಸಾಲಿನವರು ನೆಲ ನೋಡಿದರು, ಆಕಾಶ ನೋಡಿದರು. ಮುದುಕಿ ಮಾತ್ರ ಎಲೆಅಡಿಕೆ ಚೀಲ ಕಟ್ಟುತ್ತಾ, “ಕಣದಾಗೆ ನಮಗಿಂತ ಮುಂಚೆ ಬತ್ತದೆ, ನಮ್ಮಿಂದೆ ಹೋಯ್ತದೆ. ಕೆಲಸ ಅಲ್ದೆ ಇನ್ನೇನು, ದೇವರ ಸೇವೆನಾ?” ಅಂದಳು. ಈ ಸಲ ಯಾರೂ ನಗಲಿಲ್ಲ.

ಮಾವನ ಕಿವಿ ಕೆಂಪಾಯಿತು. ರೈಟರಿಗೆ, “ಕಳೆ ತೆಗೆಯೋ ಹೆಣ್ಣಾಳಿಗೆ ಒಂದಿನಕ್ಕೆಷ್ಟೋ?” ಅಂತ ಕೇಳಿ, ಅಷ್ಟನ್ನೇ ತೆಗೆದು, ಮೇಜಿನ ಮೇಲಲ್ಲ, ಮೇಜಿನಾಚೆ ಮೆಟ್ಟಿಲ ಮೇಲೆ ಹಾಕಿದರು. “ತಗೊ. ಲೆಕ್ಕ ಚುಕ್ತಾ ಆಯ್ತು. ಸೋಮವಾರದಿಂದ ಬರಬೇಡ.”

ಬಗ್ಗಿ ಎತ್ತಿಕೊಂಡೆ. ಗೆದ್ದವರು ಬಗ್ಗಬಾರದು ಅಂತ ಯಾವ ಸ್ಪರ್ಧೆಯ ನಿಯಮದಲ್ಲೂ ಇಲ್ಲ.

ಮನೆಯ ಮುಂಬಾಗಿಲಿಗೆ ಬಂದರೆ ಅತ್ತೆ ಅಡ್ಡ ನಿಂತಿದ್ದರು. “ಬಟವಾಡೆ ಹಿಡಿದೋರು ಹಿಂದುಗಡೆ ಬತ್ತಾರೆ ಕಣೆ. ನಿಂಗ್ ಗೊತ್ತಿಲ್ದೆ ಇರೋದಾ?” ಅವತ್ತಿನಿಂದ ನನ್ನ ಊಟ ಹಿತ್ತಿಲ ಕಟ್ಟೆಯಲ್ಲಿ, ಆಳುಗಳಿಗೆಂದು ಬೇರೆ ಇಟ್ಟಿದ್ದ ತಟ್ಟೆಯಲ್ಲಿ. ತಂದಿಡುತ್ತಿದ್ದದ್ದು ಅಮ್ಮ. ಅನ್ನ ಕಮ್ಮಿ ಹಾಕುತ್ತಿರಲಿಲ್ಲ, ಮುಖ ಮಾತ್ರ ಎತ್ತುತ್ತಿರಲಿಲ್ಲ. ಅತ್ತೆಗೆ ನಿಯಮ ಗೊತ್ತಿತ್ತು. ಅವರು ಅದನ್ನು ನನ್ನಂತೆಯೇ ಕೊನೆಯವರೆಗೂ ಎಳೆದರು.

ವಾರದ ನಡುವೆ ವೀಸಾದವರ ಫೋನ್ ಬಂತು. ಮಾವ ಜಗಲಿಯಲ್ಲಿದ್ದರು, ರೈಟರ್ ಪಕ್ಕದಲ್ಲಿ. ನಾನು ಅಂಗಳದಾಚೆ ಹಲಸಿನ ಮರದ ಕೆಳಗಿದ್ದೆ. ಎಂದಿನಂತೆ ಸ್ಪೀಕರ್ ಹಾಕಿದರು. ಕಂಡೂ ಕಾಣದವರಂತೆ ನನ್ನ ಕಡೆಗೇ ಬಾಯಿ ಮಾಡಿ ಮಾತಾಡಿದರು.

“ಹೌದು. ನನ್ನ ಹತ್ರ ಕೆಲಸಕ್ಕಿದ್ಲು.”

“ಹೋದ ಸಲ ಇಲ್ಲ ಅಂದಿದ್ರಿ ಸಾರ್.”

“ಆಗ ಮನೆಯೋಳು ಅಂದ್ಕಂಡಿದ್ದೆ. ಅವಳೇ ಅಲ್ಲ ಅಂದ್ಲು. ಇಲ್ಲಿದ್ದ ವರ್ಷವೆಲ್ಲ ಕೆಲಸದೋಳೇ ಅಂತ ಬರ್ಕಳಮ್ಮ.”

“ಈಗಲೂ ಇದಾರಾ?”

“ತೆಗೆದಾಕಿದೀನಿ.”

“ಯಾಕೆ ಸಾರ್?”

“ಕೂಲಿ ಕೇಳಿದ್ಲು.”

ರೈಟರ್ ಕೆಮ್ಮಿದ. ಫೋನಿನ ಆ ಕಡೆಯ ಹುಡುಗಿ, “ಕೆಲಸ ಹೇಗೆ ಮಾಡ್ತಿದ್ರು?” ಅಂದಳು. ವೀಸಾ ತಪ್ಪಿಸಲು ಒಂದು ಕೆಟ್ಟ ಮಾತು ಸಾಕಿತ್ತು, ಅದು ಅವರಿಗೂ ಗೊತ್ತಿತ್ತು.

“ಕೆಲಸನಾ? ಅವಳ ಥರ ಸ್ಟೋರ್ ನೋಡೋರು ಈ ಹೋಬಳೀಲಿ ಇಲ್ಲ. ಅವಳು ಬಂದ ಮೇಲೇನೇ ನಮ್ಮ ಕಾಫಿ ಹೊರದೇಶದೋರು ಕೇಳ್ಕಂಡು ಬಂದಿದ್ದು. ಅದನ್ನೂ ಬರ್ಕ.”

ಅಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರ ಬಾಯಿಂದ ಬಂದ ಒಂದೇ ಒಳ್ಳೆಯ ಮಾತು ಅದು. ತಂಗಿಯ ಮಗಳಿಗೆ ಹೇಳಲಾಗದ್ದನ್ನು ತೆಗೆದುಹಾಕಿದ ಆಳಿನ ಬಗ್ಗೆ ಸಲೀಸಾಗಿ ಹೇಳಿದರು. ಪ್ರೀತಿ ಉಕ್ಕಿತು ಅಂತ ಯಾರೂ ಭಾವಿಸಬೇಡಿ. ಫೋನ್ ಇಟ್ಟವರೇ ರೈಟರಿಗೆ, “ಕೆಲಸ ಬಿಟ್ಟೋರು ಎಸ್ಟೇಟಲ್ಲಿ ಉಳಿಯಂಗಿಲ್ಲ. ಅವಳ ಸಾಮಾನು ಹೊರಗಿಡ್ಸು” ಅಂದರು. ಅದೂ ನಿಯಮವೇ. ಆಳುಗಳ ಲೈನ್‌ಮನೆಗಳಲ್ಲಿ ಎಷ್ಟೋ ಸಂಸಾರಗಳಿಗೆ ಅವರು ಅದೇ ಮಾತು ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ.

ಸಕಲೇಶಪುರದಲ್ಲಿ ಕಾಲೇಜಿನ ಗೆಳತಿಯ ಮನೆ ಮಹಡಿಯಲ್ಲಿ ಒಂದು ರೂಮು ಹಿಡಿದೆ. ವೀಸಾ ಅಲ್ಲಿಗೇ ಬಂತು. ಹೊರಡುವ ಮುಂಚೆ ಎಸ್ಟೇಟಿಗೆ ಹೋಗಿ, ಹಿತ್ತಿಲ ಕಡೆಯಿಂದ ಅಮ್ಮನನ್ನು ಕರೆದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ಅಡಿಗೆಮನೆಯಲ್ಲಿ ಒಂದು ರಾಶಿ ಪಾತ್ರೆ ಇತ್ತು.

“ವೀಸಾ ಬಂತು.”

“ರೈಟರ್ ಹೇಳ್ದ.”

“ಕಂಪನಿ ಮುಂಗಡ ಕೊಡ್ತು, ರೂಮಿಗೆ ಮುಂದಕ್ಕೂ ಬಾಡಿಗೆ ಕಟ್ಟಿದೀನಿ. ನೀನು ಬಂದು ಅಲ್ಲಿರು. ನಾನು ದುಡ್ಡು ಕಳಿಸ್ತೀನಿ.”

ಅಮ್ಮ ಪಾತ್ರೆಯ ಕಡೆ ನೋಡಿದಳು.

“ಇಲ್ಲೇನಮ್ಮ ಐತೆ ನಿಂಗೆ? ಬೆಳಗ್ಗೆಯಿಂದ ಬಗ್ಗಿ ತಿಕ್ತಾ ಇದೀಯ. ಬಿಟ್ಟು ಬಾ.”

“ಬಿಟ್ ಬರಾಕೆ ನಾನೇನು ಆಳಾ?” ಅಂದಳು. ಕೋಪವಿರಲಿಲ್ಲ, ನನಗೆ ಗೊತ್ತಿಲ್ಲದ್ದನ್ನು ತಿಳಿಸಿ ಹೇಳುವ ದನಿ.

ಒಳಗಿನಿಂದ ಅತ್ತೆ ಕೂಗಿದರು. ಅಮ್ಮ ಹೋದಳು. ನಾನು ರಸ್ತೆಗೆ ಬಂದು ಬಸ್ಸಿಗೆ ಕಾದೆ.