ದೊಡ್ಡವ್ವ ದೊಡ್ಡಪ್ಪನ ಹೆಸರು ಹೇಳಿದ್ದು

ಇವತ್ತು ಬೆಳಿಗ್ಗೆ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ತೆರೆದೆ ನೋಡಿ, ಘಾಟು ಮೂಗಿಗೆ ಬಡಿದು ಸೀನು ಶುರುವಾಯಿತು. ಸೀನಿನ ಹಿಂದೆಯೇ ನಗುವೂ ಬಂತು. ಆ ಘಾಟು ಬಂದರೆ ಸಾಕು, ರಾಣೆಬೆನ್ನೂರಿನ ನನ್ನ ದೊಡ್ಡವ್ವ ಕಣ್ಣ ಮುಂದೆ ಬಂದು ಕೂಡುತ್ತಾಳೆ.

ಬೀಜದ ಅಂಗಡಿಯ ನಮ್ಮ ದೊಡ್ಡಪ್ಪ ಪಿಸುಮಾತಾಡಿದರೂ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ಅವರ ಬಾಯಿ ಮುಚ್ಚಿಸುವ ತಾಕತ್ತು ಇದ್ದದ್ದು ದೊಡ್ಡವ್ವ ಒಬ್ಬಳಿಗೇ. ಅಂಥವಳಿಗೆ ಲಕ್ವಾ ಹೊಡೆಯಿತು. ಕೈಕಾಲು ಸುಧಾರಿಸಿದವು, ಮಾತು ಮಾತ್ರ ಬರಲೊಲ್ಲದು. ಆಕಳ ಚಿತ್ರ ತೋರಿಸಿದರೂ "ಅದ... ಅದ", ಕೊಡೆ ತೋರಿಸಿದರೂ "ಅದ". ಬೈಗುಳವಿಲ್ಲದೆ ದೊಡ್ಡಪ್ಪನಿಗೆ ಊಟ ಸೇರದಾಯಿತು. "ಒಂದ ಸಲ ಬೈಲಿ, ಸಾಕವ್ವಾ ನನಗ" ಎಂದು ನನ್ನ ಮುಂದೆ ಕಣ್ಣೀರು ಹಾಕಿದರು.

ಮಾತಿನ ಚಿಕಿತ್ಸೆಗೆಂದು ಹಾವೇರಿಯಿಂದ ಅಶ್ವಿನಿ ಎಂಬ ಹುಡುಗಿ ಮನೆಗೇ ಬರತೊಡಗಿದಳು. ಓಣಿಯವರೆಲ್ಲ ಆಕೆಗೆ "ಮಾತಿನ ಅಕ್ಕೋರು" ಎಂದು ಹೆಸರಿಟ್ಟರು. ಮಂಗಳೂರು ಕಡೆಯವಳು, ಆಕೆಯ ಕನ್ನಡ ಕೇಳಿ ಮೊದಲ ದಿನ ದೊಡ್ಡವ್ವನ ಬದಲು ನಾವೇ ಬಾಯಿ ತೆರೆದು ಕೂತಿದ್ದೆವು. ನಿಧಾನಕ್ಕೆ ಆಕಳು ಆಕಳಾಯಿತು, ನನ್ನ ಹೆಸರೂ ಬಂತು.

ಒಂದು ದಿನ ಅಶ್ವಿನಿ ಕೇಳಿದಳು: "ಅಮ್ಮಾ, ನಿಮ್ಮ ಯಜಮಾನರ ಹೆಸರೇನು? ಹೇಳಿ ನೋಡುವಾ."

ದೊಡ್ಡವ್ವ ತುಟಿ ಬಿಗಿದು ತಲೆ ಅಲ್ಲಾಡಿಸಿದಳು. ಮರುವಾರ ಕೇಳಿದರೂ ಅಷ್ಟೇ. ಅಶ್ವಿನಿಯ ಮುಖ ಬಾಡಿತು. "ಗಂಡನ ಹೆಸರೇ ಮರೆತುಹೋಗಿದೆ ಕಾಣ್ತದೆ."

ಉಣ್ಣುತ್ತಿದ್ದ ದೊಡ್ಡಪ್ಪ ತಾಟು ಸರಿಸಿ ಎದ್ದರು. "ಇಷ್ಟ ವರ್ಷ ಸಂಸಾರ ಮಾಡೇನಿ, ನನ್ನ ಮರತಾಳಂತ!" ಗಂಡನನ್ನು "ಏ ಮಂಜೂ" ಎಂದು ಹೊತ್ತುಗೊತ್ತಿಲ್ಲದೆ ಕೂಗುವ ನನಗಾದರೂ ಏನು ಹೊಳೆಯಬೇಕು, ನೀವೇ ಹೇಳಿ.

ಪಕ್ಕದ ಮನೆಯ ಗಂಗವ್ವ ಮಾತ್ರ ಹೊಸ್ತಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು. "ಅಯ್ಯ ಅಕ್ಕೋರ, ಹಂಗ ಕೇಳಿದ್ರ ನಾನೂ ಹೇಳಂಗಿಲ್ಲರಿ! ಗಂಡನ ಹೆಸರ ಬಾಯಿಗೆ ಬರಬೇಕಂದ್ರ ಒಡಪು ಹಾಕಸಬೇಕು."

ಒಡಪು ಗೊತ್ತಲ್ಲ? ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳುವ ನಮ್ಮ ಹೆಂಗಸರ ಜಾಣತನ. ಅಶ್ವಿನಿ ಕುಣಿದೇಬಿಟ್ಟಳು. "ತಾಳ, ಪ್ರಾಸ ಇದ್ದರೆ ಮಾತು ಕೆಲವೊಮ್ಮೆ ಬೇರೆ ದಾರಿಯಲ್ಲಿ ಬರ್ತದೆ. ಶುರು ಮಾಡುವಾ!" ಎಂದು ದೊಡ್ಡವ್ವನ ಎಡಗೈ ಹಿಡಿದು ತೊಡೆಯ ಮೇಲೆ ತಾಳ ಹಾಕಿಸಿದಳು. ಓಣಿಯ ಹೆಂಗಸರೆಲ್ಲ ಒಳಗೆ ನುಗ್ಗಿ ತಂತಮ್ಮ ಗಂಡಂದಿರ ಹೆಸರು ಹಾಕಿದ್ದೇ ಹಾಕಿದ್ದು. ಹೊರಗೆ ಕಟ್ಟೆಯ ಮೇಲಿದ್ದ ಗಂಡಸರು ತಮ್ಮ ಹೆಸರು ಬಂದಾಗ ಮೀಸೆ ನೇವರಿಸಿಕೊಂಡರು. ಕೊನೆಗೆ, ದೊಡ್ಡವ್ವ ತನ್ನ ಮದುವೆಯಲ್ಲಿ ಹೇಳಿದ್ದ ಒಡಪನ್ನೇ ಗಂಗವ್ವ ಎತ್ತಿಕೊಟ್ಟಳು:

"ಬ್ಯಾಡಗಿ ಮೆಣಸಿನಕಾಯಿ ನೋಡಾಕ ಕೆಂಪ,
ಬಸಪ್ಪನವರ ಮಾತ ಕೇಳಾಕ ತಂಪ."

ದೊಡ್ಡವ್ವನ ತುಟಿ ಅಲುಗಿತು. "ಬ್ಯಾಡಗಿ... ಮೆಣಸಿನಕಾಯಿ... ನೋಡಾಕ ಕೆಂಪ. ಬಸಪ್ಪನವರ ಮಾತ..."

ಅಲ್ಲಿಗೆ ನಿಂತಳು. ಬಾಗಿಲಲ್ಲಿ ದೊಡ್ಡಪ್ಪ ಉಸಿರು ಬಿಗಿಹಿಡಿದಿದ್ದರು. ದೊಡ್ಡವ್ವ ಅವರನ್ನು ಓರೆಗಣ್ಣಿನಿಂದ ನೋಡಿದಳು.

"ಬರೇ ಖಾರ!"

"ಇದು ಬಾಯಿಪಾಠ ಅಲ್ಲ, ಅಮ್ಮನ ಸ್ವಂತ ಮಾತು!" ಅಶ್ವಿನಿ ಚಪ್ಪಾಳೆ ತಟ್ಟಿದಳು. ದೊಡ್ಡಪ್ಪನ ಕಣ್ಣಲ್ಲಿ ಧಾರೆ, ಬಾಯಲ್ಲಿ ನಗು. "ಬೈದ್ಲು! ಬೈದ್ಲು ನೋಡ್ರಿ!" ಎಂದು ಓಣಿಗೆಲ್ಲ ಪೇಡೆ ಹಂಚಿದರು. ಈಗಂತೂ ದೊಡ್ಡವ್ವ, ತಡವರಿಸಿದರೂ, ಹೊಟ್ಟೆ ತುಂಬ ಬೈಯುತ್ತಾಳೆ.

ಇವತ್ತು ಸೀನುಗಳ ನಡುವೆ ಅದೇ ಒಡಪು ನನ್ನ ಬಾಯಿಗೂ ಬಂತು. "ಮಂಜುನಾಥರ ಮಾತ ಕೇಳಾಕ ತಂಪ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ದಾಡಿ ಮಾಡಿಕೊಳ್ಳುತ್ತಿದ್ದ ಗಂಡ ಅರ್ಧ ಮುಖದ ನೊರೆಯೊಂದಿಗೆ ಓಡಿ ಬಂದ. "ಆರಾಮ ಅದೀ ಇಲ್ಲ? ದವಾಖಾನಿಗೆ ಹೋಗೂಣೇನು?"

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ವಿಷಯ ತಿಳಿದ ಮೇಲೆ ಆತ ಅಲ್ಲೇ ಒಲೆಯ ಪಕ್ಕ ನಿಂತು, "ಇನ್ನೊಮ್ಮೆ ಹೇಳ ನೋಡೂಣು" ಅಂದ. ದಿನವೂ ಓಣಿಗೆಲ್ಲ ಕೇಳುವಂತೆ ಕೂಗುವ ಹೆಸರು, ಹಾಳಾದ್ದು, ಬಾಯಿಗೆ ಬರಲೇ ಇಲ್ಲ. ನನಗೆ ನಾಚಿಕೆ ಬಂದುಬಿಟ್ಟಿತ್ತು.